ಅರೆತಲೆನೋವು: ಗುಳಿಗೆಯ ಲೆಕ್ಕ ಇಡಿರಿ



ಬೆಳೆಗೆ ರೋಗ ಬಿದ್ದರೆ ಎಲೆ ಕಿತ್ತು ತಂದು ತೋರಿಸುತ್ತೀರಿ; ಕಾರಣ ಕೇಳುತ್ತೀರಿ. ಆದರೆ ಮನೆಯ ಹೆಣ್ಣುಮಗಳೊಬ್ಬಳು ತಲೆಗೆ ಬಟ್ಟೆ ಬಿಗಿದು ಕತ್ತಲೆಯ ಕೋಣೆಯಲ್ಲಿ ಮಲಗಿದರೆ, “ಕೆಲಸ ತಪ್ಪಿಸಲು ನೆಪ” ಎನ್ನುವವರುಂಟು. ಇದು ತರವಲ್ಲ. ವೈದ್ಯರು ಮೈಗ್ರೇನ್ ಎಂದು ಕರೆಯುವ ಅರೆತಲೆನೋವು ನಿಜವಾದ ರೋಗ. ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನ ನಗರ ಮತ್ತು ಗ್ರಾಮ ಭಾಗಗಳಲ್ಲಿ ಮನೆ ಮನೆಗೆ ಹೋಗಿ ನಡೆಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಕಂಡುಬಂದಿತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಈ ರೋಗವನ್ನು ಬೇರುಸಹಿತ ಕೀಳುವ ಔಷಧಿ ಇಲ್ಲ. ಆದರೆ ಹತೋಟಿಯಲ್ಲಿ ಇಟ್ಟುಕೊಂಡು ದುಡಿದು ಬಾಳಬಹುದು. ಅದಕ್ಕೆ ಮೊದಲು ಬೇಕಾದದ್ದು ಒಂದು ಲೆಕ್ಕದ ಪುಸ್ತಕ. ಅದು ಹೇಗೆಂಬುದೇ ಈ ಪಾಠ.

ರೋಗದ ಗುರುತು

ಸಾಮಾನ್ಯವಾಗಿ ತಲೆಯ ಒಂದು ಪಕ್ಕದಲ್ಲಿ ನಾಡಿ ಮಿಡಿದಂತೆ ನೋವು ಏಳುತ್ತದೆ. ನಡೆದಾಡಿದರೆ ಹೆಚ್ಚುತ್ತದೆ. ಓಕರಿಕೆ ಬರುತ್ತದೆ; ಬೆಳಕು, ಸದ್ದು ಸಹಿಸಲಾಗುವುದಿಲ್ಲ. ಔಷಧಿ ಕೊಡದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಇರಬಹುದು. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಮಿಂಚಿನ ಗೆರೆಗಳು ಕಾಣುತ್ತವೆ. ಇದು ದೃಷ್ಟಿ ತಗುಲಿದ್ದಲ್ಲ, ದೆವ್ವದ ಕಾಟವಲ್ಲ. ಮಿದುಳು ಮತ್ತು ಮುಖದ ನರಗಳ ಕೆರಳುವಿಕೆ. ಹಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ, ತಂದೆಯಿಂದ ಮಗನಿಗೆ ಬರುವುದುಂಟು. ಆದ್ದರಿಂದ ಹಣೆಗೆ ಬರೆ ಹಾಕಿಸುವುದು ಕೂಡದು.

ಕೆರಳಿಸುವ ಕಾರಣಗಳು

ಬೆಳಗಿನ ಊಟ ತಪ್ಪುವುದು, ನಿದ್ರೆಗೇಡು, ಬಿಸಿಲು, ನೀರು ಕುಡಿಯದಿರುವುದು, ಘಾಟು ವಾಸನೆ, ಮುಟ್ಟಿನ ದಿನಗಳು, ಮನಸ್ಸಿನ ಒತ್ತಡ ಇವು ಮುಖ್ಯ. ನಮ್ಮ ಸೀಮೆಯ ದುಡಿಮೆಯಲ್ಲಿ ಇವೆಲ್ಲ ಒಟ್ಟಿಗೇ ಸೇರುತ್ತವೆ. ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಿಟ್ಟೊಡನೆ ಭತ್ತದ ನಾಟಿಯ ಅವಸರ; ರಾತ್ರಿ ಪಾಳಿಯಲ್ಲಿ ನೀರು ಕಟ್ಟುವವನಿಗೆ ನಿದ್ರೆ ಇಲ್ಲ. ಕುರುಗೋಡಿನ ಕಡೆ ಮೆಣಸಿನಕಾಯಿ ಕಣದ ಘಾಟು. ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಯಂತ್ರದ ಸದ್ದು, ದೀಪದ ಬೆಳಕು.

ಈ ಲೇಖಕನಿಗೂ ಈ ನೋವು ಉಂಟು. ವರದಿಯ ಗಡುವಿನ ದಿನಗಳಿಗಿಂತ, ಗಡುವು ಮುಗಿದ ಮರುದಿನವೇ ಅದು ಹೆಚ್ಚಾಗಿ ಬರುತ್ತದೆ. ಒತ್ತಡ ಸಡಿಲಿದಾಗಲೂ ನೋವು ಏಳುವುದು ಈ ರೋಗದ ಸ್ವಭಾವ. ಸುಗ್ಗಿ, ಜಾತ್ರೆ, ಮದುವೆ ಮುಗಿದ ಮರುದಿನ ಹಾಸಿಗೆ ಹಿಡಿಯುವವರು ಇದನ್ನು ಗಮನಿಸಿರಿ.

ಗುಳಿಗೆಯೇ ನೋವಾಗುವ ಬಗೆ

ಇದು ಈ ಪಾಠದ ಮುಖ್ಯ ಮಾತು. ಕೂಲಿ ತಪ್ಪಬಾರದೆಂದು ಕಿರಾಣಿ ಅಂಗಡಿಯಲ್ಲಿ ಗುಳಿಗೆ ಕೊಂಡು ನುಂಗಿ ಗದ್ದೆಗೆ ಇಳಿಯುವುದು ನಮ್ಮಲ್ಲಿ ರೂಢಿ. ಆದರೆ ಪ್ಯಾರಾಸಿಟಮಾಲಿನಂತಹ ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧಿ ಬೆರೆತ ಗುಳಿಗೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗುತ್ತ ಹೋದರೆ ಆ ಗುಳಿಗೆಯೇ ಹೊಸ ತಲೆನೋವನ್ನು ಹುಟ್ಟಿಸುತ್ತದೆ. ನೋವಿಗೆ ಗುಳಿಗೆ, ಗುಳಿಗೆಗೆ ನೋವು ಎಂದಾಗುತ್ತದೆ. ಒಂದೇ ಕೀಟನಾಶಕವನ್ನು ಮೇಲಿಂದ ಮೇಲೆ ಹೊಡೆದು ಹುಳು ಹೆಚ್ಚಿಸಿಕೊಂಡವರಿಗೆ ಈ ಮಾತು ಬೇಗ ತಿಳಿದೀತು. ಕೆಲವು ಗುಳಿಗೆಗಳಿಂದ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು ಬೇರೆ.

ಲೆಕ್ಕದ ಪುಸ್ತಕ

ಗೋಡೆಯ ಕ್ಯಾಲೆಂಡರೇ ಸಾಕು. ನೋವು ಬಂದ ದಿನಕ್ಕೆ ‘ನೋ’, ಗುಳಿಗೆ ನುಂಗಿದ ದಿನಕ್ಕೆ ‘ಗು’ ಎಂದು ಬರೆಯಿರಿ. ಊಟ ತಪ್ಪಿದ್ದರೆ, ನಿದ್ರೆ ಕೆಟ್ಟಿದ್ದರೆ, ಮುಟ್ಟಾಗಿದ್ದರೆ ಒಂದು ಗುರುತು ಹಾಕಿರಿ.

ಉದಾಹರಣೆಗೆ, ನಾಟಿಗೆ ಹೋಗುವ ಒಬ್ಬ ತಾಯಿಯ ತಿಂಗಳ ಲೆಕ್ಕದಲ್ಲಿ ‘ನೋ’ 12, ‘ಗು’ 18 ಬಂದವೆನ್ನೋಣ. ಅಂದರೆ ಕನಿಷ್ಠ 6 ದಿನ ನೋವಿಲ್ಲದೆಯೇ, “ಬಂದೀತು” ಎಂಬ ಭಯಕ್ಕೆ ಗುಳಿಗೆ ನುಂಗಿದ್ದಾಯಿತು. ಹನ್ನೆರಡರಲ್ಲಿ 7 ನೋವು ಬರಿಹೊಟ್ಟೆಯಲ್ಲಿ ಗದ್ದೆಗೆ ಹೋದ ದಿನಗಳವು. ಈಗ ಎರಡು ಮಾತು ಸ್ಪಷ್ಟ: ಗುಳಿಗೆ ಮಿತಿ ಮೀರಿದೆ, ಮುಂಜಾನೆ ಎರಡು ರೊಟ್ಟಿ ತಿಂದು ಹೊರಟರೆ ಕೆಲವು ನೋವಾದರೂ ತಪ್ಪಬಹುದು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯುಂಟು; ಈ ರೋಗದಲ್ಲಿ ಊಟದ ಹೊತ್ತನ್ನೂ ಬಲ್ಲವನಾಗಬೇಕು.

ಚಿಕಿತ್ಸೆ

ಈ ಲೆಕ್ಕವನ್ನು ಹಿಡಿದು ಕುರುಗೋಡು ಅಥವಾ ಸಿರುಗುಪ್ಪದ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಅಲ್ಲಿಂದ ಮುಂದೆ, ಜನರು ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಔಷಧಿ ಎರಡು ಬಗೆ. ಮೊದಲನೆಯದು ನೋವು ಎದ್ದಾಗಿನದು. ನೋವು ನಿಜವಾಗಿ ಶುರುವಾದ ಕೂಡಲೇ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡು, ನೀರು ಕುಡಿದು, ಕತ್ತಲಲ್ಲಿ ಮಲಗಬೇಕು. ಎರಡನೆಯದು ತಡೆಯುವ ಔಷಧಿ. ಪದೇ ಪದೇ ನೋವು ಬರುವವರಿಗೆ ದಿನವೂ ಕೊಡುವುದು. ಇದು ಬೀಜೋಪಚಾರದಂತೆ, ಮರುದಿನವೇ ಫಲ ಕಾಣದು. ಎರಡು ಮೂರು ತಿಂಗಳು ಬಿಡದೆ ತೆಗೆದುಕೊಂಡ ಮೇಲೆ ಗುಣ ಅಳೆಯಬೇಕು. ಉಬ್ಬಸ, ರಕ್ತದ ಒತ್ತಡ, ಬಸಿರು, ಬಾಣಂತನ ಇದ್ದರೆ ಮೊದಲೇ ವೈದ್ಯರಿಗೆ ಹೇಳತಕ್ಕದ್ದು; ಕೆಲವು ಔಷಧಿಗಳು ಅವರಿಗೆ ಆಗವು. ಮಿತಿ ಮೀರಿದ ಗುಳಿಗೆ ಬಿಡುವಾಗ ಕೆಲವು ದಿನ ನೋವು ಹೆಚ್ಚುತ್ತದೆ. ಆದ್ದರಿಂದ ವೈದ್ಯರ ಸಲಹೆಯಂತೆಯೇ ಬಿಡಿರಿ.

ದುಡಿಮೆಯೊಡನೆ ಹೊಂದಾಣಿಕೆ

ನೋವನ್ನು ಮುಚ್ಚಿಡಬೇಡಿರಿ. ಗುಂಪಿನ ಮುಂದಾಳಿಗೆ ಅಥವಾ ಮೇಸ್ತ್ರಿಗೆ ಲೆಕ್ಕ ತೋರಿಸಿ, “ನೋವಿನ ದಿನ ನೆರಳಿನ ಕೆಲಸ ಕೊಡಿ, ಇನ್ನೊಂದು ದಿನ ಮಾಡಿಕೊಡುತ್ತೇನೆ” ಎಂದು ಮೊದಲೇ ಮಾತಾಡಿಕೊಳ್ಳಿರಿ. ಮುಯ್ಯಾಳಿನ ಪದ್ಧತಿ ಇರುವ ನಮಗೆ ಇದು ಹೊಸದಲ್ಲ. ಬುತ್ತಿ, ನೀರು, ತಲೆಗೆ ಬಟ್ಟೆ ಜೊತೆಗಿರಲಿ. ಸುಗ್ಗಿಯಲ್ಲೂ ಬಿಡುವಿನಲ್ಲೂ ಮಲಗುವ, ಏಳುವ ಹೊತ್ತು ಒಂದೇ ಇರಲಿ. ಸಾಲ, ಬೆಲೆ ಕುಸಿತಗಳ ಚಿಂತೆ ಕಾಡಿದರೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು; ಹಣ ಬೇಕಿಲ್ಲ.

ತಡಮಾಡಬಾರದ ಸಂದರ್ಭಗಳು

ಸಿಡಿಲು ಬಡಿದಂತೆ ಹಠಾತ್ತನೆ ಬಂದ ತೀವ್ರ ನೋವು. ಜ್ವರದೊಡನೆ ಕತ್ತು ಬಿಗಿತ. ಕೈಕಾಲು ಸೋಲುವುದು, ಮಾತು ತೊದಲುವುದು. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಬಸುರಿಗೆ ಜೋರು ತಲೆನೋವು: ಇವು ಕಂಡರೆ 108 ಕರೆಯಿರಿ. 50 ವರ್ಷ ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೆ ಅದನ್ನೂ ಬೇಗ ತೋರಿಸಿರಿ.

ಔಷಧಿ ಸಿಂಪಡಿಸಿ ಬಂದವನಿಗೆ ತಲೆನೋವಿನೊಡನೆ ವಾಂತಿ, ಬೆವರು, ಜೊಲ್ಲು, ಕಣ್ಣು ಮಂಜು ಕಂಡರೆ ಅದು ಅರೆತಲೆನೋವಲ್ಲ, ವಿಷ ಏರಿದ ಗುರುತು. ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಲ್ಲಿ ತೊಳೆದು, ಔಷಧಿಯ ಡಬ್ಬಿ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಮನನಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಕಳೆದ ತಿಂಗಳು ನೋವಿನ ಗುಳಿಗೆ ನುಂಗಿದ ದಿನಗಳು ಎಷ್ಟು?
2. ತಡೆಯುವ ಔಷಧಿಯ ಗುಣವನ್ನು ಎಷ್ಟು ಕಾಲದ ಮೇಲೆ ಅಳೆಯಬೇಕು?
3. ಸಿಂಪಡಣೆಯ ವಿಷವನ್ನು ಅರೆತಲೆನೋವಿನಿಂದ ಬೇರೆ ಮಾಡಿ ಗುರುತಿಸುವುದು ಹೇಗೆ?

ಮೊದಲನೆಯ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಇಂದಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ತೊಡಗಿರಿ.