ಪದರ ಪದರದ ಲೆಬನಾನ್ ಬಕ್ಲಾವಾ: ಒಡಕು ಗೇರುಬೀಜಕ್ಕೊಂದು ದಾರಿ

ಗೇರುಬೀಜವನ್ನು ಮನೆಯಲ್ಲೇ ಸಂಸ್ಕರಿಸುವವರಿಗೆಲ್ಲ ಗೊತ್ತಿರುವ ಸಂಕಟ ಒಂದಿದೆ. ಕೈಯಿಂದ ಸುಲಿಯುವಾಗ ಎಷ್ಟು ಜಾಗ್ರತೆ ಮಾಡಿದರೂ ಮೂರರಲ್ಲಿ ಒಂದು ಪಾಲು ಒಡೆಯುತ್ತದೆ. ಇಡೀ ಬೀಜಕ್ಕೆ ಒಂದು ಬೆಲೆ, ಹೋಳಿಗೆ ಇನ್ನೊಂದು, ತುಂಡಿಗೆ ಮತ್ತೊಂದು. ರುಚಿಯಲ್ಲಿ ಮೂರೂ ಒಂದೇ! ಬೇಡಿಕೆ ಇಲ್ಲದಾಗ ತುಂಡು ಡಬ್ಬದಲ್ಲೇ ಕೂತು ಕಮಟು ಹಿಡಿಯುವುದೂ ಉಂಟು.

ನನ್ನದು ಎರಡು ಎಕ್ರೆ ಗುಡ್ಡದ ಗೇರು, ಒಂದಿಷ್ಟು ಅಡಿಕೆ. ಅದಕ್ಕೂ ಮೊದಲು ಎಂಟು ವರ್ಷ ಕೊಲ್ಲಿ ದೇಶದಲ್ಲಿ ಲೆಬನಾನಿನವರ ಸಿಹಿತಿಂಡಿ ಅಡುಗೆಮನೆಯಲ್ಲಿದ್ದೆ. ಮೊದಲ ವರ್ಷ ಬರೇ ತಟ್ಟೆ ತೊಳೆಯುವ ಕೆಲಸ. ಆಮೇಲೆ ಹಿಟ್ಟು ನಾದಲು ಬಿಟ್ಟರು. ಅಪ್ಪ ತೀರಿಕೊಂಡಾಗ ಊರಿಗೆ ಬಂದವ ಮತ್ತೆ ಹೋಗಲಿಲ್ಲ. ಅಲ್ಲಿ ಕಲಿತದ್ದು ಇಲ್ಲಿ ಯಾವ ಉಪಯೋಗಕ್ಕೂ ಬಾರದು ಅಂತಲೇ ಬಹಳ ವರ್ಷ ತಿಳಿದಿದ್ದೆ. ಒಡಕು ಬೀಜದ ಡಬ್ಬ ನೋಡಿದಾಗ ಒಂದು ದಿನ ನೆನಪಾಯಿತು: ಅಲ್ಲಿ ನಾವು ಬೀಜವನ್ನು ಬೇಕೆಂದೇ ಒಡೆಯುತ್ತಿದ್ದೆವಲ್ಲ!

ಆ ತಿಂಡಿಯೇ ಬಕ್ಲಾವಾ. ಅದನ್ನು ಮನೆಯಲ್ಲಿ ಮಾಡುವ ಕ್ರಮ ಇಲ್ಲಿ ಬರೆದಿದ್ದೇನೆ.

ಏನಿದು ಬಕ್ಲಾವಾ?

ಕಾಗದಕ್ಕಿಂತ ತುಸು ದಪ್ಪದ ಹಿಟ್ಟಿನ ಪದರಗಳು, ನಡುವೆ ಬೀಜದ ತರಿ, ಮೇಲೆ ತುಪ್ಪ. ಬೇಯಿಸಿದ ಮೇಲೆ ಸಕ್ಕರೆ ಪಾಕ. ಇಷ್ಟೇ. ನಮ್ಮ ಚಿರೋಟಿ ಮಾಡಿ ಗೊತ್ತಿರುವವರಿಗೆ ಅರ್ಧ ಪಾಠ ಆದಂತೆಯೇ. ವ್ಯತ್ಯಾಸ ಎಂದರೆ ಚಿರೋಟಿಯನ್ನು ಕರಿಯುತ್ತೇವೆ, ಇದನ್ನು ಒಲೆಯ ಒಳಗಿಟ್ಟು ಬೇಯಿಸುತ್ತಾರೆ.

ತುರ್ಕಿ, ಗ್ರೀಸ್, ಸಿರಿಯಾ ಎಲ್ಲೆಡೆಯೂ ಇದು ಇದೆ. ಗ್ರೀಸಿನವರು ಪಾಕಕ್ಕೆ ಜೇನು ಸೇರಿಸುವುದು ಹೆಚ್ಚು. ಲೆಬನಾನಿನವರು ಸಕ್ಕರೆ ಪಾಕಕ್ಕೆ ಕಿತ್ತಳೆ ಹೂವಿನ ನೀರು, ಗುಲಾಬಿ ನೀರು ಹಾಕುತ್ತಾರೆ. ಪಾಕದಲ್ಲಿ ಮುಳುಗಿಸುವುದಿಲ್ಲ, ಕಚ್ಚಿದರೆ ಗರಿಗರಿ ಅನ್ನಬೇಕು. ಪಿಸ್ತಾ, ಅಕ್ರೋಟು, ಗೋಡಂಬಿ, ಅವರ ಬೆಟ್ಟಗಳಲ್ಲಿ ಬೆಳೆಯುವ ಪೈನ್ ಮರದ ಬೀಜ – ಎಲ್ಲವನ್ನೂ ಬಳಸುತ್ತಾರೆ. ಬೆರಳಿನಂಥ ಸುರುಳಿ, ಗಂಟು ಕಟ್ಟಿದ ಪೊಟ್ಟಣ, ಹಕ್ಕಿಗೂಡು ಹೀಗೆ ನಾನಾ ಆಕಾರ. 'ತಿನ್ನು, ಕೃತಜ್ಞತೆ ಹೇಳು' ಎಂಬ ಅರ್ಥದ ಹೆಸರೇ ಒಂದು ಬಗೆಗೆ ಇದೆ. ಈದ್‌ಗೂ ಬೇಕು, ಕ್ರಿಸ್‌ಮಸ್‌ಗೂ ಬೇಕು, ಮದುವೆಗೂ ಬೇಕು.

ಉತ್ತರ ಲೆಬನಾನಿನ ಟ್ರಿಪೋಲಿ ಸಿಹಿತಿಂಡಿಗೆ ಹೆಸರಾದ ಪೇಟೆ. 1881ರಲ್ಲಿ ಶುರುವಾದ ಹಲ್ಲಾಬ್ ಮನೆತನದ ಅಂಗಡಿ ಈಗಲೂ ಅಲ್ಲಿದೆ. ನನಗೆ ಕಲಿಸಿದ ಹಿರಿಯ ಅಡುಗೆಯವರೂ ಆ ಊರಿನವರೇ. ಕಸುಬು ಬಲ್ಲವರನ್ನು ಅವರು 'ಮುಅಲ್ಲಿಂ' ಎನ್ನುತ್ತಾರೆ, ಮೇಸ್ತ್ರಿ ಅಂದ ಹಾಗೆ. 1975ರಿಂದ 1990ರವರೆಗಿನ ಅಂತರ್ಯುದ್ಧದಲ್ಲಿ ಮನೆ ಬಿಟ್ಟು ಬಂದವರು. ಕೈಯಲ್ಲಿ ತಂದದ್ದು ಒಂದು ಲಟ್ಟಣಿಗೆ ಕೋಲು ಮಾತ್ರ ಎಂದು ನಗುತ್ತಾ ಹೇಳುತ್ತಿದ್ದರು.

ಹೂವಿನ ನೀರು: ಅಲ್ಲಿನ ರೈತರ ಮನೆಕೆಲಸ

ಈ ಸಿಹಿಗೆ ಪರಿಮಳ ಕೊಡುವುದು ಸಿಹಿ ಕಿತ್ತಳೆಯ ಹೂವಲ್ಲ. ಹಣ್ಣು ತಿನ್ನಲು ಬಾರದ ಹುಳಿ–ಕಹಿ ಕಿತ್ತಳೆಯ ಹೂವು. ದಕ್ಷಿಣದ ಸಿಡೋನ್ ಪೇಟೆ ಪಕ್ಕದ ಮಗ್ದೂಶೆ ಎಂಬ ಹಳ್ಳಿ ಇದಕ್ಕೆ ಪ್ರಸಿದ್ಧ. ವಸಂತದಲ್ಲಿ ಮನೆಮಂದಿಯೆಲ್ಲ ಸೇರಿ ಹೂ ಕೊಯ್ಯುತ್ತಾರೆ. ತಾಮ್ರದ ಭಟ್ಟಿಯಲ್ಲಿ ಹೂ, ನೀರು ಹಾಕಿ ಸಣ್ಣ ಉರಿ. ಆವಿ ತಣ್ಣೀರಿನ ಕೊಳವೆಯಲ್ಲಿ ಹಾದು ಹನಿಹನಿಯಾಗಿ ಬಾಟ್ಲಿಗೆ ಇಳಿಯುತ್ತದೆ. ಮೇಲೆ ತೇಲುವ ಎಣ್ಣೆ ಸುಗಂಧದವರಿಗೆ, ಕೆಳಗಿನ ನೀರು ಅಡುಗೆಗೆ. ಬಿಸಿನೀರಿಗೆ ಒಂದು ಚಮಚ ಈ ನೀರು ಬೆರೆಸಿ ಕುಡಿದರೆ ಅದೇ ಅವರ 'ಬಿಳಿ ಕಾಫಿ'. ಕಾಫಿಯ ಪುಡಿ ಅದರಲ್ಲಿ ಚೂರೂ ಇರುವುದಿಲ್ಲ!

ಹಣ್ಣಿಗೆ ಬೆಲೆ ಇಲ್ಲದ ಮರದಿಂದ ಹೂವಿನ ಉತ್ಪನ್ನ. ಅವರ ಈ ಜಾಣತನ ನಮಗೊಂದು ಪಾಠ.

ಬೇಕಾಗುವ ಸಾಮಾನು (12 ಇಂಚಿನ ಒಂದು ದುಂಡು ತಟ್ಟೆಗೆ)

ಹಿಟ್ಟಿಗೆ: ಮೈದಾ 500 ಗ್ರಾಂ, ಉಗುರು ಬೆಚ್ಚನೆ ನೀರು ಸುಮಾರು 250 ಮಿಲಿ, ಎಣ್ಣೆ 3 ದೊಡ್ಡ ಚಮಚ, ಲಿಂಬೆರಸ 1 ಸಣ್ಣ ಚಮಚ, ಉಪ್ಪು 1 ಸಣ್ಣ ಚಮಚ. ಲಟ್ಟಿಸುವಾಗ ಉದುರಿಸಲು ಕಾರ್ನ್‌ಫ್ಲೋರ್ 150 ಗ್ರಾಂ.

ಹೂರಣಕ್ಕೆ: ಸಿಪ್ಪೆ ತೆಗೆದ ಗೇರುಬೀಜದ ತುಂಡು 400 ಗ್ರಾಂ, ಸಕ್ಕರೆ 2 ದೊಡ್ಡ ಚಮಚ, ಕಿತ್ತಳೆ ಹೂವಿನ ನೀರು 1 ದೊಡ್ಡ ಚಮಚ.

ಪಾಕಕ್ಕೆ: ಸಕ್ಕರೆ 500 ಗ್ರಾಂ, ನೀರು 250 ಮಿಲಿ, ಲಿಂಬೆರಸ 1 ದೊಡ್ಡ ಚಮಚ, ಕಿತ್ತಳೆ ಹೂವಿನ ನೀರು 1 ದೊಡ್ಡ ಚಮಚ, ಗುಲಾಬಿ ನೀರು 1 ಸಣ್ಣ ಚಮಚ.

ತುಪ್ಪ: 250 ಗ್ರಾಂ. ಬೆಣ್ಣೆ ಬೇಡ. ಬೆಣ್ಣೆಯಲ್ಲಿ ನೀರೂ ಹಾಲಿನ ಅಂಶವೂ ಇರುತ್ತದೆ. ನೀರು ಪದರವನ್ನು ಮೆತ್ತಗೆ ಮಾಡುತ್ತದೆ, ಹಾಲಿನ ಅಂಶ ಕರಟಿ ಕಪ್ಪು ಚುಕ್ಕೆ ಬೀಳುತ್ತದೆ. ಅಲ್ಲಿ ಕಾಯಿಸಿ ಸೋಸಿದ 'ಸಮ್ನೆ' ಬಳಸುತ್ತಾರೆ. ನಮ್ಮ ಮನೆತುಪ್ಪ ಅದೇ ಅಲ್ಲವೇ?

ಕಿತ್ತಳೆ ಹೂವಿನ ನೀರು ಪೇಟೆಯಲ್ಲಿ ಅರಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಗುಲಾಬಿ ನೀರು ಮಾತ್ರ ಸಾಕು. ಆದರೆ ಮುಖಕ್ಕೆ ಹಚ್ಚುವ ಗುಲಾಬಿ ನೀರು ತರಬೇಡಿ. 'ಆಹಾರಕ್ಕೆ' ಎಂದು ಬರೆದದ್ದೇ ಆಗಬೇಕು.

ಮೊದಲು ಪಾಕ

ಪಾಕವನ್ನು ಎಲ್ಲಕ್ಕಿಂತ ಮೊದಲು ಮಾಡಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಸಕ್ಕರೆ, ನೀರು ಕುದಿಯಲು ಇಡಿ. ಸಕ್ಕರೆ ಕರಗುವವರೆಗೆ ಮಾತ್ರ ಕಲಕಿ; ಕುದಿ ಬಂದ ಮೇಲೆ ಸೌಟು ಹಾಕಬಾರದು. ಲಿಂಬೆರಸ ಹಾಕಿ ಸಣ್ಣ ಉರಿಯಲ್ಲಿ 8 ನಿಮಿಷ. ಬೆರಳಿಗೆ ಅಂಟಬೇಕು, ಎಳೆ ಬರಬಾರದು. ಜಾಮೂನಿನ ಪಾಕಕ್ಕಿಂತ ತುಸು ಗಟ್ಟಿ. ಇಳಿಸಿದ ಮೇಲೆ ಹೂವಿನ ನೀರು ಬೆರೆಸಿ. ಕುದಿಯುವಾಗ ಹಾಕಿದರೆ ಪರಿಮಳವೆಲ್ಲ ಆವಿಯಾಗುತ್ತದೆ.

ಲಿಂಬೆರಸ ರುಚಿಗೆ ಮಾತ್ರ ಅಲ್ಲ. ಅದರ ಹುಳಿ ಸಕ್ಕರೆಯ ಒಂದು ಪಾಲನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಹಾಗಾಗಿ ಪಾಕ ಆರಿದ ಮೇಲೂ ಹರಳು ಕಟ್ಟುವುದಿಲ್ಲ.

ಹಿಟ್ಟು, ಪದರ

ಮೈದಾಕ್ಕೆ ಉಪ್ಪು, ಎಣ್ಣೆ, ಲಿಂಬೆರಸ ಹಾಕಿ, ನೀರು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಚೆನ್ನಾಗಿ 15 ನಿಮಿಷ ನಾದಬೇಕು. ಕಿವಿಯ ಹಾಲೆ ಮುಟ್ಟಿದಷ್ಟು ಮೆತ್ತಗಿರಲಿ. ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಡಿ. ಈ ವಿಶ್ರಾಂತಿ ತಪ್ಪಿಸಬೇಡಿ. ನಾದಿದ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಎಳೆಯುತ್ತದೆ. ಬಿಟ್ಟರೆ ತಾನೇ ಸಡಿಲವಾಗುತ್ತದೆ.

ಆಮೇಲೆ 24 ಉಂಡೆ ಮಾಡಿ. ಒಂದೊಂದೂ 33 ಗ್ರಾಂ ಆಸುಪಾಸು. ತೂಗಿಯೇ ಮಾಡಿದರೆ ಒಳ್ಳೆಯದು. ಪ್ರತಿಯೊಂದನ್ನೂ ಅಂಗೈಗಿಂತ ತುಸು ಅಗಲ, ಅಂದರೆ 5 ಇಂಚು ಲಟ್ಟಿಸಿ. ಒಂದರ ಮೇಲೆ ಧಾರಾಳ ಕಾರ್ನ್‌ಫ್ಲೋರ್ ಉದುರಿಸಿ ಇನ್ನೊಂದು ಇಡಿ. ಹೀಗೆ 12ರ ಎರಡು ಅಟ್ಟಿ. ಹತ್ತು ನಿಮಿಷ ಮುಚ್ಚಿಡಿ. ಈಗ ಇಡೀ ಅಟ್ಟಿಯನ್ನು ಒಟ್ಟಿಗೆ ಲಟ್ಟಿಸಿ 12 ಇಂಚು ಅಗಲ ಮಾಡಿ. ನಡುವಿನಿಂದ ಅಂಚಿಗೆ ಒತ್ತಿ, ಸುತ್ತ ತಿರುಗಿಸುತ್ತಾ ಬನ್ನಿ. ಒಂದೊಂದನ್ನೇ ಅಷ್ಟು ತೆಳು ಮಾಡಲು ಹೋದರೆ ಹರಿಯುತ್ತದೆ. ಹನ್ನೆರಡು ಒಟ್ಟಾಗಿದ್ದರೆ ಒಂದಕ್ಕೊಂದು ಆಧಾರ.

ತಟ್ಟೆಗೆ ಹಾಕುವಾಗ ಪದರಗಳನ್ನು ಮೆಲ್ಲನೆ ಬಿಡಿಸಿ, ಹೆಚ್ಚಾದ ಹಿಟ್ಟು ಕೊಡವಿ ಮತ್ತೆ ಜೋಡಿಸಿ. ಒಂದೆರಡು ಹರಿದರೆ ತಲೆಬಿಸಿ ಬೇಡ, ನಡುವೆ ಸೇರಿಸಿ. ಚಂದದ್ದನ್ನು ಎಲ್ಲಕ್ಕಿಂತ ಮೇಲಕ್ಕೆ ಉಳಿಸಿ.

ಜೋಡಿಸುವುದು, ಬೇಯಿಸುವುದು

ಗೇರುಬೀಜವನ್ನು ತರಿತರಿಯಾಗಿ ಕುಟ್ಟಿ. ಮಿಕ್ಸಿಯಾದರೆ ಒಂದೆರಡು ಸಲ ತಿರುಗಿಸಿ ನಿಲ್ಲಿಸಿ. ಹೆಚ್ಚು ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆ. ಮೊದಲೇ ಹುರಿಯುವುದು ಬೇಡ, ಒಲೆಯಲ್ಲೇ ಬೇಯುತ್ತದೆ. ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಮಟಿದ್ದರೆ ಆ ಬೀಜ ಬೇಡವೇ ಬೇಡ. ಒಗರು ಸಿಪ್ಪೆಯೂ ಉಳಿದಿರಬಾರದು. ಸಕ್ಕರೆ, ಹೂವಿನ ನೀರು ಬೆರೆಸಿಡಿ.

ತಟ್ಟೆಗೆ ತುಪ್ಪ ಸವರಿ. ಕೆಳಗೆ 12 ಪದರ, ಮೇಲೆ ಬೀಜದ ತರಿ ಸಮವಾಗಿ ಒತ್ತಿ, ಅದರ ಮೇಲೆ ಇನ್ನೊಂದು 12 ಪದರ. ಈಗಲೇ ಹರಿತ ಚೂರಿಯಿಂದ ತಳದವರೆಗೆ ವಜ್ರಾಕಾರದ ತುಂಡು ಕತ್ತರಿಸಿ. ಬೆಂದ ಮೇಲೆ ಕತ್ತರಿಸಿದರೆ ಪುಡಿಪುಡಿ! ಬಿಸಿ ತುಪ್ಪವನ್ನು ಸೌಟಿನಿಂದ ಎಲ್ಲ ಕಡೆ, ಮುಖ್ಯವಾಗಿ ಕತ್ತರಿಸಿದ ಗೆರೆಗಳಲ್ಲಿ ಇಳಿಯುವಂತೆ ಹಾಕಿ. ಹತ್ತು ನಿಮಿಷ ಬಿಡಿ, ತುಪ್ಪ ತಳಕ್ಕೆ ಇಳಿಯಲಿ.

ಓವನ್ ಇದ್ದವರು 170 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿ. ಮೇಲೆ ಹೊಂಬಣ್ಣ ಬಂದರೆ ಸಾಲದು, ಅಂಚಿನ ಒಂದು ತುಂಡೆತ್ತಿ ತಳವನ್ನೂ ನೋಡಿ. ತಳ ಬಿಳಿಯಾಗಿದ್ದರೆ ಇನ್ನೂ ಬೇಯಬೇಕು.

ಓವನ್ ಇಲ್ಲದವರು ಅರ್ಧ ಅಳತೆ ಹಿಡಿದು 9 ಇಂಚಿನ ತಟ್ಟೆಯಲ್ಲಿ ಮಾಡಿ. ದಪ್ಪ ತಳದ ದೊಡ್ಡ ಪಾತ್ರೆಗೆ ಒಂದು ಇಂಚು ಒಣ ಮರಳು, ಅದರ ಮೇಲೆ ಮುಕ್ಕಾಲಿ, ಮುಕ್ಕಾಲಿ ಮೇಲೆ ತಟ್ಟೆ. ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಗೆರಟೆಯ ಕೆಂಡ. ನಾನು ಮೂರು ವರ್ಷ ಹೀಗೇ ಮಾಡಿದೆ. ಹೊತ್ತು ಹೆಚ್ಚು ಬೇಕು, ಬಣ್ಣ ನೋಡಿಯೇ ಹೇಳಬೇಕು. ಮೊದಲು ಉಳಿದ ಹಿಟ್ಟಿನ ಒಂದು ಚೂರು ಇಟ್ಟು ಪರೀಕ್ಷೆ ಮಾಡಿದರೆ ಕಾವಿನ ಅಂದಾಜು ಸಿಗುತ್ತದೆ.

ಬಿಸಿಗೆ ತಣ್ಣನೆಯದು

ಈಗ ಮುಖ್ಯ ವಿಷಯ. ಒಲೆಯಿಂದ ತೆಗೆದ ತಟ್ಟೆ ಬಿಸಿ ಇರಬೇಕು, ಪಾಕ ಪೂರ್ತಿ ತಣ್ಣಗಿರಬೇಕು. ಸೌಟಿನಿಂದ ಗೆರೆಗಳಲ್ಲಿ ಹಾಕಿದಾಗ ಚುರ್ ಅಂತ ಸದ್ದು ಬರಬೇಕು. ಬಿಸಿ ಪದರ ಪಾಕ ಹೀರುತ್ತದೆ, ತಣ್ಣನೆಯ ಪಾಕ ಗರಿಯನ್ನು ಉಳಿಸುತ್ತದೆ. ಎರಡೂ ಬಿಸಿಯಾದರೆ ಗಂಜಿ. ಎರಡೂ ತಣ್ಣಗಾದರೆ ಪಾಕ ಒಳಗೇ ಹೋಗುವುದಿಲ್ಲ. ಎಲ್ಲ ಪಾಕ ಸುರಿಯಬೇಕೆಂದಿಲ್ಲ. ಮುಕ್ಕಾಲಂಶ ಹಾಕಿ ನೋಡಿ. ಉಳಿದದ್ದು ಶರಬತ್ತಿಗೆ ಆಗುತ್ತದೆ. ತಣಿಯುವವರೆಗೆ ಮುಚ್ಚಬಾರದು. ಮುಚ್ಚಿದರೆ ಆವಿ ನೀರಾಗಿ ಅದರ ಮೇಲೆಯೇ ಬೀಳುತ್ತದೆ. ನಾಲ್ಕೈದು ಗಂಟೆ ಬಿಟ್ಟು ತಿನ್ನಿ.

ಇದನ್ನು ಮುಅಲ್ಲಿಂ ನನಗೆ ದಿನಕ್ಕೆ ಹತ್ತು ಸಲ ಹೇಳಿದ್ದರು. ಆದರೂ ಊರಲ್ಲಿ ಸಿಕ್ಕಿದ ಮೊದಲ ದೊಡ್ಡ ಆರ್ಡರಿಗೆ ನಾನೇ ತಪ್ಪಿದೆ. ನೆಂಟರ ಮನೆ ನಿಶ್ಚಿತಾರ್ಥಕ್ಕೆ ಐದು ಕಿಲೋ. ಆಷಾಢದ ಮಳೆ, ಕರೆಂಟು ಹೋಗಿ ಬಂದು ಕೆಲಸ ತಡವಾಯಿತು. ಅವಸರದಲ್ಲಿ ಪಾಕವನ್ನು ಕೊನೆಗೆ ಮಾಡಿ ಕುದಿಕುದಿಯುತ್ತಿದ್ದಂತೆ ಸುರಿದೆ. ಬೆಳಿಗ್ಗೆ ನೋಡಿದರೆ ಮೂರು ತಟ್ಟೆಯೂ ಒದ್ದೆ ರಟ್ಟಿನಂತೆ. ಮುಕ್ಕಾಲು ಕಿಲೋ ತುಪ್ಪ, ಆ ವರ್ಷದ ತುಂಡುಬೀಜದ ಬಹುಪಾಲು, ಇಬ್ಬರ ಒಂದು ದಿನದ ದುಡಿಮೆ – ಎಲ್ಲ ಹೋಯಿತು. ಮುಂಗಡ ವಾಪಸು ಕೊಟ್ಟು ಬಂದೆ. ಮನೆಯಾಕೆ ಏನೂ ಹೇಳಲಿಲ್ಲ. ಮರುದಿನ ಪಾಕದ ಪಾತ್ರೆಯನ್ನು ತಾನೇ ತೆಗೆದು ಮೊದಲು ಒಲೆಗೆ ಇಟ್ಟಳು. ಈಗಲೂ ನಮ್ಮಲ್ಲಿ ಕೆಲಸ ಶುರುವಾಗುವುದು ಹಾಗೆಯೇ.

ಮಾರುವವರಿಗೆ

ಒಂದು ತಟ್ಟೆಯಿಂದ ಸುಮಾರು 1.6 ಕಿಲೋ ಸಿಗುತ್ತದೆ. ಅದರಲ್ಲಿ ಬೀಜ ಕಾಲು ಭಾಗ ಮಾತ್ರ. ಉಳಿದದ್ದು ಮೈದಾ, ತುಪ್ಪ, ಸಕ್ಕರೆ. ಲೆಕ್ಕ ಹಾಕುವಾಗ ಸ್ವಂತ ಬೀಜಕ್ಕೂ ಪೇಟೆ ದರ ಹಿಡಿಯಿರಿ, ಸ್ವಂತ ತುಪ್ಪಕ್ಕೂ ಹಿಡಿಯಿರಿ. ಹಿಟ್ಟು ಸುಮ್ಮನೆ ಕೂರುವ ಹೊತ್ತು ಬಿಟ್ಟು ಕೈಕೆಲಸಕ್ಕೆ ಎರಡು ಗಂಟೆ ಬೇಕು. ಅದಕ್ಕೂ ಕೂಲಿ ಬರೆಯಿರಿ. ಮನೆಯದ್ದು ಪುಕ್ಕಟೆ ಎಂದು ಲೆಕ್ಕ ಬಿಟ್ಟರೆ ಲಾಭ ಕಂಡಂತೆ ಆಗುತ್ತದೆ, ಕೈಗೆ ಬರುವುದಿಲ್ಲ.

ಗಾಳಿಯಾಡದ ಡಬ್ಬದಲ್ಲಿ ಹತ್ತು ದಿನ ಗರಿ ಇರುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ, ಗಟ್ಟಿಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತಂಪು ಹೀರಿ ಬೇಗ ಮೆತ್ತಗಾಗುವುದರಿಂದ ನಾವು ಜೂನ್‌ನಿಂದ ಸೆಪ್ಟೆಂಬರ್ ಆರ್ಡರ್ ಹಿಡಿಯುವುದಿಲ್ಲ. ಮಾರಾಟಕ್ಕೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬೇಕು. ಚೀಟಿಯಲ್ಲಿ 'ಗೇರುಬೀಜ ಇದೆ' ಎಂದು ಕಾಣುವಂತೆ ಬರೆಯಿರಿ. ಕೆಲವರಿಗೆ ಬೀಜ ಅಲರ್ಜಿ, ಪ್ರಾಣಕ್ಕೇ ಅಪಾಯ.

ಕೊನೆಗೆ

2019ರಿಂದ ಲೆಬನಾನಿನ ಹಣದ ಬೆಲೆ ಕುಸಿಯಿತು. 2020ರ ಆಗಸ್ಟ್ 4ರ ಸ್ಫೋಟದಲ್ಲಿ ಬೈರೂತ್ ಬಂದರಿನ ಧಾನ್ಯದ ಕಣಜಗಳೇ ಹಾಳಾದವು. ಗೋಧಿಯ ಬಹುಪಾಲನ್ನು ಹೊರಗಿನಿಂದ ತರಿಸುವ ದೇಶ ಅದು. ಗೇರು ಅಲ್ಲಿ ಬೆಳೆಯುವುದೇ ಇಲ್ಲ. ಹಿಟ್ಟು ಹೊರಗಿನದ್ದು, ಗೋಡಂಬಿ ಹೊರಗಿನದ್ದು, ಆದರೂ ಕೈಕೆಲಸದಿಂದಲೇ ಊರಿಗೆ ಹೆಸರು ತಂದವರು ಅವರು. ನಮ್ಮಲ್ಲಿ ಬೀಜ ಮರದಲ್ಲೇ ಇದೆ, ತುಪ್ಪ ಹಟ್ಟಿಯಲ್ಲೇ ಇದೆ. ಕೈಕೆಲಸ ಮಾತ್ರ ಕಲಿಯಬೇಕು.

ಮೊದಲ ಸಲ ಅರ್ಧ ಅಳತೆಯಲ್ಲಿ, ಮನೆಮಂದಿಗೆ ಮಾತ್ರ ಮಾಡಿ ನೋಡಿ. ಪಾಕ ಮೊದಲು, ಮರೆಯಬೇಡಿ.