ಯೆಜ್ಡಿ ಓಡಿಸಿ ಕಲಿತ ಟೂ-ಸ್ಟ್ರೋಕ್ ಪಾಠ

ಅಮೆರಿಕದವರಿಗೆ ಮಸಲ್ ಕಾರ್ ಹೇಗೋ, ನಮ್ಮ ಕಡೆ ಯೆಜ್ಡಿ ಹಾಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆದ್ರೂ ಹಿರೇಕೆರೂರಿನಲ್ಲಿ ನಮಗೊಂದು ಹಳೇ 250 ಸಿಸಿ ರೋಡ್‌ಕಿಂಗ್ ಸಿಕ್ತು.

ಮೊದಲ ಅಚ್ಚರಿ ಅಂದ್ರೆ ಕಿಕ್ಕರ್ರೇ ಗೇರ್ ಲಿವರ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್. ಸ್ಟಾರ್ಟ್ ಆದ್ಮೇಲೆ ಮತ್ತೆ ಮುಂದಕ್ಕೆ ತಂದ್ರೆ ಗೇರ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು!

ಮಾಸೂರು ರಸ್ತೆಗೆ ಹೊರಟ್ವಿ. ಎಳೆತ ಜೋರು. ಯಾಕಂದ್ರೆ ಇದರಲ್ಲಿ ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಒಂದು ಪವರ್ ಸ್ಟ್ರೋಕ್. ಈಗಿನ ಫೋರ್-ಸ್ಟ್ರೋಕ್ ಬೈಕಿಗೆ ಎರಡು ಸುತ್ತು ಬೇಕು.

ನಿಲ್ಲಿಸೋದೇ ಕಷ್ಟ. ಥ್ರಾಟಲ್ ಬಿಟ್ಟರೂ ಗಾಡಿ ಉರುಳ್ತಾನೇ ಇರುತ್ತೆ. ಎಂಜಿನ್ ಬ್ರೇಕಿಂಗ್ ಕಮ್ಮಿ, ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್. ಹಾಗಾಗಿ ಮುಂದಿನ ವಾಹನದಿಂದ ಹೆಚ್ಚು ಅಂತರ ಇರಲಿ.

ಇನ್ನೊಂದು ಮುಖ್ಯ ವಿಷಯ. ಪೆಟ್ರೋಲ್‌ಗೆ ಬೆರೆಸಿದ ಆಯಿಲ್ಲೇ (ಲೀಟರಿಗೆ ಸುಮಾರು 40 ಮಿ.ಲೀ.) ಪಿಸ್ಟನ್ನಿಗೆ ಆಧಾರ. ಇಳಿಜಾರಿನಲ್ಲಿ ಗೇರಿನಲ್ಲೇ ಥ್ರಾಟಲ್ ಪೂರ್ತಿ ಮುಚ್ಚಿ ತುಂಬಾ ದೂರ ಇಳಿದರೆ ಪೆಟ್ರೋಲ್ ಜೊತೆ ಆಯಿಲ್ಲೂ ನಿಲ್ಲುತ್ತೆ. ಆಗ ಪಿಸ್ಟನ್ ಹಿಡ್ಕೊಂಡು ಹಿಂದಿನ ಚಕ್ರ ಲಾಕ್ ಆಗಬಹುದು. ಅದಕ್ಕೇ ನಡುನಡುವೆ ಸ್ವಲ್ಪ ಥ್ರಾಟಲ್ ಕೊಡ್ರಿ, ಬೆರಳು ಕ್ಲಚ್ ಮೇಲಿರಲಿ.