ತೊಟ್ಟಿಲಿನಿಂದ ಮುಪ್ಪಿನವರೆಗೆ: ವಯೋಮಾನಕ್ಕೆ ತಕ್ಕ ಲಸಿಕೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು 1985ರಲ್ಲಿ ಜಾರಿಗೆ ಬಂದಿತು. 2011ರ ಜನವರಿಯ ನಂತರ ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿನ ಪ್ರಕರಣ ವರದಿಯಾಗಿಲ್ಲ. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಈ ಸಾಧನೆ ಉಳಿಯಬೇಕಾದರೆ ಪ್ರತಿ ಮಗುವೂ ಎಲ್ಲ ಡೋಸ್‌ಗಳನ್ನು ಪೂರೈಸಬೇಕು. ಮೊದಲ ವರ್ಷದ ಚುಚ್ಚುಮದ್ದು ಮುಗಿದೊಡನೆ ಲಸಿಕೆಯೇ ಮುಗಿಯಿತೆಂಬ ಭಾವನೆಯಿಂದ ನಂತರದ ಡೋಸ್‌ಗಳು ತಪ್ಪಿಹೋಗುವ ಸಂಭವ ಹೆಚ್ಚು. ಆದ್ದರಿಂದ ವೇಳಾಪಟ್ಟಿಯ ಸಮಗ್ರ ತಿಳಿವಳಿಕೆ ಅವಶ್ಯಕ.

1. ಗರ್ಭಿಣಿಯರು
ಗರ್ಭ ಧರಿಸಿದ್ದು ತಿಳಿದ ಕೂಡಲೇ ಟಿಡಿ ಲಸಿಕೆಯ ಮೊದಲ ಡೋಸ್, 4 ವಾರಗಳ ನಂತರ ಎರಡನೆಯದು. ಹಿಂದಿನ ಬಸಿರಿನಲ್ಲಿ ಎರಡೂ ಡೋಸ್ ಪಡೆದು, 3 ವರ್ಷಗಳೊಳಗೆ ಮತ್ತೆ ಗರ್ಭಿಣಿಯಾದಲ್ಲಿ ಒಂದು ವರ್ಧಕ ಡೋಸ್ ಸಾಕು. ಇದು ತಾಯಿಯನ್ನೂ ನವಜಾತ ಶಿಶುವನ್ನೂ ಧನುರ್ವಾಯುವಿನಿಂದ ಕಾಯುತ್ತದೆ.

2. ಶಿಶುಗಳು
ಹುಟ್ಟಿದಾಗ: ಬಿಸಿಜಿ, ಪೋಲಿಯೋ ಹನಿ ಹಾಗೂ 24 ಗಂಟೆಗಳೊಳಗೆ ಹೆಪಟೈಟಿಸ್-ಬಿ.
6, 10 ಮತ್ತು 14 ವಾರ: ಪೋಲಿಯೋ ಹನಿ, ರೋಟಾವೈರಸ್ ಹಾಗೂ ಪೆಂಟಾವಲೆಂಟ್. ಪೆಂಟಾವಲೆಂಟ್ ಲಸಿಕೆಯು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಎಂಬ ಐದರ ವಿರುದ್ಧ ರಕ್ಷಣೆ ನೀಡುತ್ತದೆ. 6 ಮತ್ತು 14ನೇ ವಾರಗಳಲ್ಲಿ ಪೋಲಿಯೋ ಚುಚ್ಚುಮದ್ದು ಹಾಗೂ ನ್ಯುಮೋನಿಯಾ ತಡೆಯುವ ಪಿಸಿವಿ ಕೂಡ ಸೇರುತ್ತವೆ.
9 ತಿಂಗಳು ತುಂಬಿದಾಗ: ದಡಾರ-ರುಬೆಲ್ಲಾ ಮೊದಲ ಡೋಸ್, ಪಿಸಿವಿ ವರ್ಧಕ, ಪೋಲಿಯೋ ಚುಚ್ಚುಮದ್ದಿನ ಮೂರನೇ ಡೋಸ್. ಆಯ್ದ ಜಿಲ್ಲೆಗಳಲ್ಲಿ ಮೆದುಳು ಜ್ವರದ (ಜೆಇ) ಲಸಿಕೆಯನ್ನೂ ನೀಡಲಾಗುತ್ತದೆ.

3. ಮರೆತುಹೋಗುವ ಡೋಸ್‌ಗಳು
16ರಿಂದ 24 ತಿಂಗಳಲ್ಲಿ ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಮೊದಲ ವರ್ಧಕ ಮತ್ತು ಪೋಲಿಯೋ ಹನಿ; 5ರಿಂದ 6 ವರ್ಷದಲ್ಲಿ ಡಿಪಿಟಿ ಎರಡನೇ ವರ್ಧಕ; 10 ಮತ್ತು 16 ವರ್ಷಗಳಲ್ಲಿ ಟಿಡಿ. ಶೈಶವದ ಲಸಿಕೆಯಿಂದ ದೊರೆತ ರಕ್ಷಣೆಯು ಗಂಟಲುಮಾರಿಯ ವಿಷಯದಲ್ಲಿ ಕಾಲಕ್ರಮೇಣ ಕ್ಷೀಣಿಸುತ್ತದೆ. ಹೀಗಾಗಿ ವರ್ಧಕ ಪಡೆಯದ ಶಾಲಾ ಮಕ್ಕಳು ಈ ರೋಗಕ್ಕೆ ತುತ್ತಾಗಬಲ್ಲರು. ರೋಗ ಉಲ್ಬಣಿಸಿದರೆ ಗಂಟಲಿನಲ್ಲಿ ಪೊರೆ ಕಟ್ಟಿ ಉಸಿರು ನಿಲ್ಲಬಹುದು; ಹೃದಯಕ್ಕೂ ಹಾನಿಯಾಗಬಹುದು.

ದಿನ ಕಳೆದಿದ್ದರೂ ಲಸಿಕೆಯನ್ನು ಮೊದಲಿನಿಂದ ಆರಂಭಿಸಬೇಕಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಬಿಸಿಜಿ 1 ವರ್ಷದವರೆಗೆ, ದಡಾರ-ರುಬೆಲ್ಲಾ 5 ವರ್ಷದವರೆಗೆ, ಡಿಪಿಟಿ 7 ವರ್ಷದವರೆಗೆ ನೀಡಬಹುದು. ಸಣ್ಣ ಶೀತ, ಕೆಮ್ಮು ಇದ್ದ ಮಾತ್ರಕ್ಕೆ ಮಗುವನ್ನು ಹಿಂದಕ್ಕೆ ಕಳುಹಿಸಬಾರದು. ಲಸಿಕೆಯ ನಂತರ ಬರುವ ಲಘು ಜ್ವರ ಸಾಮಾನ್ಯ; ಆದರೂ ಮೊದಲ 30 ನಿಮಿಷ ಮಗು ಕೇಂದ್ರದಲ್ಲಿಯೇ ಇರಬೇಕು.

4. ವಯಸ್ಕರು ಮತ್ತು ಹಿರಿಯರು
ನಾಯಿ ಕಚ್ಚಿದಲ್ಲಿ ಗಾಯವನ್ನು ಹರಿಯುವ ನೀರು ಹಾಗೂ ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ಚರ್ಮದೊಳಗೆ ನೀಡುವ ರೇಬೀಸ್ ಲಸಿಕೆಯನ್ನು ಮೊದಲ ದಿನ, ನಂತರ 3, 7 ಮತ್ತು 28ನೇ ದಿನಗಳಂದು ಪಡೆಯಬೇಕು. ಆಳವಾದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಸಹ ಅಗತ್ಯ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ಬಹುತೇಕ ಮಾರಣಾಂತಿಕ. ಮಧುಮೇಹ, ಉಬ್ಬಸ, ಹೃದ್ರೋಗವುಳ್ಳ ಹಿರಿಯರು ಇನ್‌ಫ್ಲುಯೆನ್ಸಾ ಹಾಗೂ ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಸೂಕ್ತ.

5. ಪಂಚಾಯಿತಿ ಮಟ್ಟದ ಕ್ರಮಗಳು
ಲಸಿಕೆ ನೀಡುವುದು ಆರೋಗ್ಯ ಇಲಾಖೆಯ ಕಾರ್ಯ. ಯಾವ ಮಗು ಬಿಟ್ಟುಹೋಗಿದೆ ಎಂಬುದನ್ನು ಪತ್ತೆಹಚ್ಚಲು ಪಂಚಾಯಿತಿಯು ನೆರವಾಗಬಲ್ಲದು.
ಅ) ಇಟ್ಟಿಗೆ ಗೂಡು, ಕಬ್ಬು ಕಟಾವಿನ ಬಿಡಾರ, ಕಟ್ಟಡ ಕಾಮಗಾರಿ ಸ್ಥಳಗಳಿಗೆ ಬಂದ ವಲಸೆ ಕುಟುಂಬಗಳ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರಿಗೆ ಒದಗಿಸುವುದು. ಬೇರೆ ಊರಿನ ತಾಯಿ ಕಾರ್ಡ್ ಇದ್ದರೂ, ಕಾರ್ಡ್ ಇಲ್ಲದಿದ್ದರೂ ಲಸಿಕೆ ಉಚಿತವೆಂದು ತಿಳಿಸುವುದು.
ಆ) ಊರಿನಿಂದ ಗುಳೆ ಹೋಗುವ ಕುಟುಂಬಗಳು ತಾಯಿ ಕಾರ್ಡ್ ಜೊತೆಗೊಯ್ಯುವಂತೆ ಸೂಚಿಸುವುದು.
ಇ) ಲಸಿಕಾ ದಿನದ ಸ್ಥಳ ಮತ್ತು ಸಮಯವನ್ನು ಹಿಂದಿನ ದಿನವೇ ಡಂಗುರ ಸಾರಿ ಇಲ್ಲವೇ ಕಸ ಸಂಗ್ರಹಣಾ ವಾಹನದ ಧ್ವನಿವರ್ಧಕದ ಮೂಲಕ ತಿಳಿಸುವುದು.
ಈ) ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಿ, ಒಂದನೇ ತರಗತಿಯ ದಾಖಲಾತಿ ವೇಳೆ ತಾಯಿ ಕಾರ್ಡ್ ಪರಿಶೀಲಿಸುವುದು. ಕಾರ್ಡ್ ಇಲ್ಲವೆಂದು ದಾಖಲಾತಿ ನಿರಾಕರಿಸಕೂಡದು.
ಉ) ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಬೇಕಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವಿದ್ಯುತ್ ವ್ಯತ್ಯಯ ಗಮನಕ್ಕೆ ಬಂದಲ್ಲಿ ವಿದ್ಯುತ್ ಸರಬರಾಜು ಕಂಪನಿಯ ಶಾಖಾಧಿಕಾರಿಗೆ ತಕ್ಷಣ ತಿಳಿಸುವುದು.

ಲಸಿಕೆ ನಿರಾಕರಿಸುವ ಮನೆಗಳಲ್ಲಿ ಗದರಿಕೆಯಿಂದ ಪ್ರಯೋಜನವಿಲ್ಲ. ಹಿಂದಿನ ಡೋಸ್‌ನ ಜ್ವರ, ಕೂಲಿ ತಪ್ಪುವ ಚಿಂತೆ, ಹಿರಿಯರ ಅಸಮ್ಮತಿ ಇವುಗಳಲ್ಲಿ ಯಾವುದು ಕಾರಣವೆಂದು ಕೇಳಿ ತಿಳಿದು ಉತ್ತರಿಸಬೇಕು. ವಾರ್ಡ್ ಸದಸ್ಯರು ಹಾಗೂ ಸ್ವಸಹಾಯ ಸಂಘದ ಮಹಿಳೆಯರ ಮಾತಿಗೆ ಅಲ್ಲಿ ಹೆಚ್ಚಿನ ಬೆಲೆಯಿದೆ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವುದು ಅಪೇಕ್ಷಣೀಯ. ಮಕ್ಕಳ ಹೆಸರುಗಳನ್ನು ಸಭೆಯಲ್ಲಿ ಓದದೆ, ಬಾಕಿ ಇರುವ ಸಂಖ್ಯೆಯನ್ನಷ್ಟೇ ಮಂಡಿಸತಕ್ಕದ್ದು.